ಹತ್ತೊಂಬತ್ತನೇ ಪುಟ

ಅಂಗೈಯಗಲದ, ಅರವತ್ತನಾಲ್ಕು ಪುಟದ, ರಿಬ್ಬನ್ ಕಟ್ಟಿ ಉಡುಗೊರೆ ಕೊಡುವ ಚಿಕ್ಕ ಪುಸ್ತಕ ನಿಮ್ಮ ಮನೆಯಲ್ಲೂ ಒಂದಾದರೂ ಇರುತ್ತದೆ. ನಿಶ್ಚಿತಾರ್ಥಕ್ಕೆ ಯಾರೋ ಕೊಟ್ಟಿರುತ್ತಾರೆ, ಇಲ್ಲವೇ ಹೊಸವರ್ಷದ ನೌರೂಜ್ ಹಬ್ಬಕ್ಕೆ ಮಿಠಾಯಿ ಡಬ್ಬಿಯ ಮೇಲಿಟ್ಟು ತಂದಿರುತ್ತಾರೆ. ಪುಟಕ್ಕೊಂದೇ ಮಾತು. ಬದುಕಿನ ಬಗ್ಗೆ, ಪ್ರೀತಿಯ ಬಗ್ಗೆ, ನೆಮ್ಮದಿಯ ಬಗ್ಗೆ. ಮಾತಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘ಒಬ್ಬ ಪುರಾತನ ಜ್ಞಾನಿ’ ಎಂದಿರುತ್ತದೆ. ಆ ಪುರಾತನ ಜ್ಞಾನಿ ನಾನೇ. ಹೆಸರು ತೂಬಾ, ವಯಸ್ಸು ನಲವತ್ತಮೂರು, ಇಸ್ಫಹಾನಿನ ಬಜಾರಿನ ಹಿಂದಿನ ಓಣಿಯಲ್ಲಿ ಬೈಂಡಿಂಗ್ ಅಂಗಡಿ ಇಟ್ಟ ಮನೆಯ ಸೊಸೆ.

ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ತಾಳ್ಮೆಯ ಬಗ್ಗೆ ನಾನು ಬರೆದಷ್ಟು ಯಾರೂ ಬರೆದಿರಲಿಕ್ಕಿಲ್ಲ, ಆದರೆ ರೊಟ್ಟಿಯಂಗಡಿಯ ಸಾಲಿನಲ್ಲಿ ಐದು ನಿಮಿಷ ನಿಂತರೆ ನನ್ನ ಮೂಗಿನ ತುದಿ ಕೆಂಪಾಗುತ್ತದೆ. ಪ್ರೀತಿಯ ಬಗ್ಗೆ ಬರೆದದ್ದರಲ್ಲಿ ಮುಕ್ಕಾಲು ಪಾಲು ಗಂಡನ ಮೇಲೆ ಸಿಟ್ಟು ಬಂದ ದಿನಗಳಲ್ಲಿ ಬರೆದದ್ದು. ಆರು ವರ್ಷದ ಹಿಂದೆ ತೆಹರಾನಿನ ಪ್ರಕಾಶಕ ಪಾಯಂದೆ ಸಾಹೇಬರು ಇಂಥ ಪುಸ್ತಕಗಳ ಅಚ್ಚಾದ ಹಾಳೆಗಳನ್ನು ಹೊಲಿಗೆಗೆಂದು ನಮ್ಮಲ್ಲಿಗೆ ಕಳಿಸುತ್ತಿದ್ದರು. ಒಮ್ಮೆ ಒಂದು ಕಟ್ಟನ್ನು ಮಡಿಸುತ್ತ ಮಡಿಸುತ್ತ ಓದಿ ತಲೆಕೆಟ್ಟು, ಇದಕ್ಕಿಂತ ನಾನೇ ಚೆನ್ನಾಗಿ ಬರೆದೇನು ಎಂದು ಫೋನಿನಲ್ಲೇ ಅವರ ಮೇಲೆ ರೇಗಿದ್ದೆ. ಹಾಗಾದರೆ ಬರೆದು ಕಳಿಸಿ ಎಂದುಬಿಟ್ಟರು. ಅಲ್ಲಿಂದ ಇಲ್ಲಿಯವರೆಗೆ ಒಂಬತ್ತು ಪುಸ್ತಕ ಬರೆದಿದ್ದೇನೆ. ಈ ಕಥೆಯಲ್ಲಿ ಬರುವುದು ‘ದಿನಕ್ಕೊಂದು ದಾಳಿಂಬೆ ಬೀಜ’ ಎಂಬ ಒಂಬತ್ತನೆಯದು.

ವಿಷಯ ಗೊತ್ತಿದ್ದದ್ದು ಪಾಯಂದೆ ಸಾಹೇಬರಿಗೆ ಮತ್ತು ಬಸ್ಸು ಓಡಿಸುವ ನನ್ನ ಗಂಡ ಕೇವಾನನಿಗೆ ಮಾತ್ರ. ಮಾವನಿಗೆ ಹೇಳಿರಲಿಲ್ಲ. ನನ್ನ ಮಾವ ಉಸ್ತಾದ್ ಹೆಯ್ಬತ್ ಹದಿನಾಲ್ಕನೇ ವಯಸ್ಸಿಗೆ ಸೂಜಿ ಹಿಡಿದವರು. ನೂರು ವರ್ಷದ ಹಳೆಯ ಪುಸ್ತಕಗಳನ್ನು ಬಿಚ್ಚಿ, ಹಾಳೆ ಹಾಳೆ ತೊಳೆದು, ಮತ್ತೆ ಹೊಲಿದು ಚರ್ಮದ ರಟ್ಟು ಹಾಕಿಕೊಡುತ್ತಿದ್ದ ಕೈ ಅವರದು. ಈಗ ಅಂಥ ಕೆಲಸ ಅಪರೂಪಕ್ಕೆ ಬರುತ್ತದೆ, ಚಿಕ್ಕ ಪುಸ್ತಕಗಳು ಮೂಟೆಗಟ್ಟಲೆ ಬರುತ್ತವೆ. ಅವರು ಅವನ್ನು ಸೂರ್ಯಕಾಂತಿ ಬೀಜ ಎಂದು ಕರೆಯುತ್ತಿದ್ದರು. ತಿನ್ನುತ್ತ ಕೂತರೆ ನಿಲ್ಲಿಸಲಾಗುವುದಿಲ್ಲ, ತಿಂದು ಎದ್ದರೆ ಹೊಟ್ಟೆ ತುಂಬಿರುವುದಿಲ್ಲ ಎನ್ನುವುದು ಅವರ ಲೆಕ್ಕ.

ನನ್ನ ಮೊದಲ ಪುಸ್ತಕ ಹೊಲಿಗೆಗೆ ಬಂದ ದಿನ ಹೇಳಬೇಕೆಂದೇ ಇದ್ದೆ. ಊಟಕ್ಕೆ ಕೂತಾಗ ಅವರು ಒಂದು ಹಾಳೆ ಎತ್ತಿಕೊಂಡು, ‘ತೃಪ್ತ ಮನಸ್ಸಿನವಳ ಒಲೆಯ ಮೇಲೆ ಅನ್ನ ಸೀಯುವುದಿಲ್ಲ’ ಎಂಬುದನ್ನು ಗಟ್ಟಿಯಾಗಿ ಓದಿದರು. ಆಮೇಲೆ ತಟ್ಟೆಯಲ್ಲಿದ್ದ ಕರಕಲು ಅನ್ನವನ್ನು ನೋಡಿದರು, ನನ್ನನ್ನು ನೋಡಿದರು, ಇದನ್ನು ಬರೆದ ಪುಣ್ಯಾತ್ಮನನ್ನು ನಮ್ಮ ಮನೆಗೆ ಊಟಕ್ಕೆ ಕರೆಯಬೇಕು ಎಂದರು. ನಾನು ಬಾಯಿಗೆ ಬೀಗ ಹಾಕಿಕೊಂಡೆ. ಆ ಬೀಗ ಆರು ವರ್ಷ ಹಾಗೇ ಇತ್ತು.

ಹೋದ ವರ್ಷ, ನೌರೂಜಿಗೆ ಮುಂಚಿನ ಇಸ್ಫಂದ್ ತಿಂಗಳ ಮೊದಲ ವಾರ, ಹಬ್ಬದ ಪುಸ್ತಕಗಳು ಅಂಗಡಿಯ ತುಂಬ ಗೋಡೆಯೆತ್ತರ ನಿಂತಿದ್ದಾಗ, ಮಾವ ಮಾಳಿಗೆಯ ಮೆಟ್ಟಿಲ ಮೇಲೆ ಎಚ್ಚರ ತಪ್ಪಿ ಬಿದ್ದರು. ಕೈಯಲ್ಲಿದ್ದ ರಟ್ಟುಗಳು ಒಂದೊಂದಾಗಿ ಕೆಳಗೆ ಜಾರಿ ಬಂದ ಸದ್ದು ಕೇಳಿ ನಾನು ಓಡಿದೆ. ಎರಡು ನಿಮಿಷದಲ್ಲಿ ಕಣ್ಣು ಬಿಟ್ಟು, ಮೊದಲು ಕೇಳಿದ್ದು ರಟ್ಟಿನ ಮೂಲೆ ಮಡಚಿತೇ ಎಂದು. ಆಸ್ಪತ್ರೆಯಲ್ಲಿ ಡಾಕ್ಟರ್ ಅಬ್ರಿಶಮಿ ಎಂಬಾಕೆ ಎಲ್ಲ ಪರೀಕ್ಷೆ ಮಾಡಿ ಬಿಡಿಸಿ ಹೇಳಿದಳು. ಹೃದಯದ ಒಂದು ಕವಾಟ ಗಟ್ಟಿಯಾಗಿ ಸರಿಯಾಗಿ ತೆರೆಯುತ್ತಿಲ್ಲ. ಎದೆ ತೆರೆದು ಹೊಸದನ್ನು ಕೂರಿಸಬೇಕು. ಹಬ್ಬದ ರಜೆ ಶುರುವಾಗುವ ಮೊದಲೇ ಆಗಬೇಕು, ಏಕೆಂದರೆ ಈ ಸಲ ಮೆಟ್ಟಿಲ ಮೇಲೆ ಬಿದ್ದು ಎದ್ದವರು ಮುಂದಿನ ಸಲ ಏಳದೇ ಹೋಗಬಹುದು. ಮುಂದಿನ ಶನಿವಾರಕ್ಕೆ ಜಾಗ ಹಿಡಿದಿಡುತ್ತೇನೆ, ಗುರುವಾರದೊಳಗೆ ಒಪ್ಪಿಗೆ ಹೇಳಿ ಎಂದಳು.

ಮಾವ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನೋಡೋಣ ಎಂದರು. ನಮ್ಮ ಮನೆಯಲ್ಲಿ ನೋಡೋಣ ಎಂದರೆ ಏನೆಂದು ನನಗೆ ಗೊತ್ತು. ಮಾಳಿಗೆಯ ಸೋರುವ ಮೂಲೆಯನ್ನು ಅವರು ಹದಿನೇಳು ವರ್ಷದಿಂದ ನೋಡುತ್ತಿದ್ದಾರೆ.

ಶುಕ್ರವಾರ ಊಟವಾಗಿ, ಚಹಾದ ನೀರು ಕುದಿಯುವ ಸಮೋವರಿನ ಸುತ್ತ ಕೂತಿದ್ದಾಗ ಕೇವಾನ್ ಮತ್ತೆ ಆಪರೇಷನ್ನಿನ ಮಾತು ತೆಗೆದ. ನಮ್ಮಲ್ಲಿ ಏನಾದರೂ ದೊಡ್ಡ ತೀರ್ಮಾನ ಮಾಡುವ ಮೊದಲು ಕಣ್ಣು ಮುಚ್ಚಿ ಪುಸ್ತಕ ತೆರೆದು, ಬಂದ ಪುಟದಲ್ಲಿ ಉತ್ತರ ಓದುವುದು ಎಲ್ಲರ ಮನೆಯ ರೂಢಿ. ಅದಕ್ಕೆ ದೊಡ್ಡ ಕವಿಗಳ ಪುಸ್ತಕವೇ ಆಗಬೇಕು, ನಮ್ಮ ಮನೆಯದಕ್ಕೆ ಮಾವನೇ ಚರ್ಮದ ರಟ್ಟು ಹಾಕಿದ್ದಾರೆ. ಪುಸ್ತಕವನ್ನೇ ಕೇಳೋಣ ಎಂದು ಮಾವ ಹೇಳಿದಾಗ ಕೇವಾನ್ ಅದನ್ನು ತರಲು ಎದ್ದ.

“ಅದು ಬೇಡ ಕಣೋ. ಕವಿಗಳು ಒಂದು ಮಾತಿಗೆ ಹತ್ತು ಅರ್ಥ ಇಡ್ತಾರೆ. ನನಗೀಗ ಒಂದೇ ಅರ್ಥ ಸಾಕು. ಸಮೋವರ್ ಪಕ್ಕದಲ್ಲಿ ಒಂದು ಸೂರ್ಯಕಾಂತಿ ಬೀಜ ಬಿದ್ದಿದೆಯಲ್ಲ, ಅದನ್ನೇ ಕೊಡು.”

ಆರು ವರ್ಷ ಆಡಿಕೊಂಡು ನಕ್ಕ ಮನುಷ್ಯ ಇದ್ದಕ್ಕಿದ್ದಂತೆ ಅದರ ಮಾತು ಕೇಳಹೊರಟಾಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ, ಬದಲಿಗೆ ಒಳಗೊಳಗೇ ಹಿಗ್ಗಿದೆ. ಮಾವ ಕಣ್ಣು ಮುಚ್ಚಿ, ತುಟಿಯಲ್ಲೇ ಪ್ರಾರ್ಥನೆ ಮಾಡಿ, ಹೆಬ್ಬೆರಳಿನಿಂದ ಪುಸ್ತಕ ತೆರೆದರು. ಹತ್ತೊಂಬತ್ತನೇ ಪುಟ. ನಿಧಾನವಾಗಿ ಓದಿದರು: ‘ಕಾಯುವವನ ಮನೆಯ ಬಾಗಿಲನ್ನು ಕಾಲವೇ ಬಂದು ತಟ್ಟುತ್ತದೆ.’ ಪುಸ್ತಕ ಮುಚ್ಚಿ ಸಮೋವರಿನ ಪಕ್ಕ ಇಟ್ಟರು. ಕಾಯಬೇಕಂತೆ ಎಂದು ಹೇಳಿ ಇನ್ನೊಂದು ಲೋಟ ಚಹಾ ಬಗ್ಗಿಸಿಕೊಂಡರು.

ಕೇವಾನ್ ನೆಲಕ್ಕೆ ಹಾಸಿದ ಊಟದ ಬಟ್ಟೆಯ ಬದಿಯಿಂದ ಕಾಲು ಚಾಚಿ ನನ್ನ ಕಾಲನ್ನು ಒದ್ದ. ಆ ಮಾತು ನಾನು ಬರೆದದ್ದು ಎಲ್ಲಿ ಕೂತು, ಯಾವಾಗ ಎಂದು ಸ್ಪಷ್ಟವಾಗಿ ನೆನಪಿದೆ. ಬಿಸಿನೀರಿನ ಒಲೆ ಕೆಟ್ಟಿತ್ತು, ರಿಪೇರಿಯವನು ಈಗ ಬಂದೆ ಈಗ ಬಂದೆ ಎನ್ನುತ್ತ ನಾಲ್ಕು ದಿನ ಆಟ ಆಡಿಸಿದ್ದ, ನಾನು ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಅವನಿಗೆ ಶಾಪ ಹಾಕುತ್ತಾ ಕೂತಿದ್ದೆ. ಪಾಯಂದೆ ಸಾಹೇಬರು ತಾಳ್ಮೆಯ ಮೇಲೆ ಇನ್ನೂ ಎರಡು ಪುಟ ಬೇಕು ಎಂದು ಫೋನು ಮಾಡಿದರು. ತಾಳ್ಮೆ ಜನಕ್ಕೆ ಇಷ್ಟವಂತೆ. ಬರೆದು ಬಿಸಾಡಿದ್ದೆ. ಈಗ ಆ ಬಿಸಾಡಿದ ಮಾತು ಒಬ್ಬ ಮನುಷ್ಯನ ಎದೆಯ ಮೇಲೆ ಕೂತಿತ್ತು.

ಭಾನುವಾರ ಕೇವಾನ್ ಯಜ್ದ್ ಊರಿಗೆ ಬಸ್ಸು ಓಡಿಸಿಕೊಂಡು ಹೋಗುವ ಮೊದಲು ಮತ್ತೆ ಬೇಡಿಕೊಂಡ. ಮಾವ ಮತ್ತೆ ಅದೇ ಪುಸ್ತಕ ತೆರೆದರು. ಮತ್ತೆ ಹತ್ತೊಂಬತ್ತನೇ ಪುಟ. ಪಕ್ಕದ ತಾಮ್ರದ ಅಂಗಡಿಯ ರಜಬಲಿ ಅಲ್ಲೇ ಚಹಾ ಕುಡಿಯುತ್ತಿದ್ದ. ಎರಡು ಸಲ ಒಂದೇ ಉತ್ತರ ಬಂದ ಮೇಲೆ ಮೂರನೇ ಸಲ ಕೇಳುವುದು ಬೇಡ, ಒಳ್ಳೆಯದಲ್ಲ ಎಂದ. ಸಂಜೆಯ ಹೊತ್ತಿಗೆ ಇಡೀ ಓಣಿಗೆ ಸುದ್ದಿಯಾಯಿತು. ಡಾಕ್ಟರು ಅವಸರ ಮಾಡುತ್ತಾರೆ, ಪುಸ್ತಕ ತಡೆಯುತ್ತದೆ ಎಂದು ಬಂದವರೆಲ್ಲ ಹೇಳಿ ಹೋದರು. ನಿಜ ಹೇಳಬೇಕೆಂದರೆ ನನಗೂ ಹೆದರಿಕೆಯಾಯಿತು. ನಾನೇ ಬರೆದ ಮಾತು ನನಗೇ ಗೊತ್ತಿಲ್ಲದ ಏನನ್ನೋ ಹೇಳುತ್ತಿದೆಯೇ ಎಂಬ ಯೋಚನೆ ಸುಳಿದು ಹೋಯಿತು. ಎಂಥ ಹುಚ್ಚಿ ನಾನು.

ಇರುವ ವಿಷಯ ಹೇಳಿಬಿಡು ಎಂದು ಕೇವಾನ್ ಯಜ್ದಿನಿಂದ ಫೋನು ಮಾಡಿದ. ಸೋಮವಾರ ಚಹಾ ತೆಗೆದುಕೊಂಡು ಅಂಗಡಿಗೆ ಹೋದೆ. ಮಾವ ಚರ್ಮ ತೆಳುಮಾಡುತ್ತ ಕೂತಿದ್ದರು. ನಾನು ಅವರನ್ನು ಕರೆಯುವುದು ಆಗಾಜಾನ್ ಎಂದು. ಆಗಾಜಾನ್, ಆ ಪುಸ್ತಕದ ಮಾತುಗಳನ್ನು ಯಾವ ಜ್ಞಾನಿಯೂ ಬರೆದಿರುವುದಿಲ್ಲ, ಯಾರೋ ಮನೆಯಲ್ಲಿ ಕೂತು ಬರೆದಿರುತ್ತಾರೆ ಎಂದು ಸುತ್ತಿ ಬಳಸಿ ಶುರುಮಾಡಿದೆ. ಅವರು ತಲೆ ಎತ್ತದೆ, ಮನೆಯಲ್ಲಿ ಕೂತವರೇ ಜ್ಞಾನಿಗಳಾಗುವುದು, ಊರು ಸುತ್ತುವವರು ಬಸ್ಸಿನ ಡ್ರೈವರ್ ಆಗುತ್ತಾರೆ ಎಂದರು. ಚಹಾ ಇಟ್ಟು ಬಂದೆ.

ಮಂಗಳವಾರ ಮಧ್ಯಾಹ್ನ ಮಾವ ಮಲಗಿದ್ದಾಗ ಅಂಗಡಿಯಲ್ಲಿ ಒಬ್ಬಳೇ ಪುಸ್ತಕ ಎಣಿಸುತ್ತಿದ್ದೆ. ಒಂದು ಪುಸ್ತಕ ಅಂಟು ಸರಿಯಾಗಿ ಹಿಡಿಯದೆ, ಎಲ್ಲಿ ಬಿಟ್ಟರೂ ಒಂದೇ ಕಡೆ ತೆರೆದುಕೊಳ್ಳುತ್ತಿತ್ತು. ಅದನ್ನು ಬೇರೆ ಇಡಲು ಹೋದವಳು ಹಾಗೇ ನಿಂತೆ. ಈ ಕೆಲಸ ಬಲ್ಲವರಿಗೆಲ್ಲ ಗೊತ್ತಿರುವ ವಿಷಯ ಇದು. ಹೊಸ ಪುಸ್ತಕವನ್ನು ಒಂದು ಪುಟದಲ್ಲಿ ಅಗಲಿಸಿ ಬಲವಾಗಿ ಒತ್ತಿದರೆ ಬೆನ್ನಿನ ಅಂಟು ಅಲ್ಲಿ ಬಿರಿಯುತ್ತದೆ. ಆಮೇಲೆ ಕಣ್ಣು ಮುಚ್ಚಿ ತೆರೆದರೂ ಅದು ಅಲ್ಲಿಗೇ ಬರುತ್ತದೆ. ನಮ್ಮ ಅಂಗಡಿಯಲ್ಲಿ ಅದು ಮಹಾಪಾಪ. ಕೆಲಸ ಕಲಿಯಲು ಬಂದವರು ಯಾರಾದರೂ ಪುಸ್ತಕದ ಬೆನ್ನು ಮುರಿದರೆ ಅವತ್ತೇ ಮಾವ ಅವರನ್ನು ಮನೆಗೆ ಕಳಿಸುತ್ತಿದ್ದರು. ಪುಸ್ತಕವನ್ನು ಅಗಲ ತೆರೆದು ಬೋರಲು ಮಲಗಿಸಿದ್ದಕ್ಕೆ ನನ್ನ ಮದುವೆಯಾದ ಮೊದಲ ವಾರ ನನಗೂ ಬೈಗುಳ ಬಿದ್ದಿತ್ತು.

ರಾಶಿಯಿಂದ ‘ದಾಳಿಂಬೆ ಬೀಜ’ದ ಒಂದು ಹೊಸ ಪ್ರತಿ ತೆಗೆದು ನಲವತ್ತೊಂದನೇ ಪುಟ ಹುಡುಕಿದೆ. ‘ತೆರೆಯದ ಬಾಗಿಲಿನ ಆಚೆ ಏನಿದೆಯೆಂದು, ತೆರೆದವನಿಗೇ ತಿಳಿಯುವುದು.’ ಅದನ್ನು ಬರೆದದ್ದು ಎರಡು ದಿನ ಕರೆಂಟು ಹೋದ ಫ್ರಿಜ್ಜಿನ ಮುಂದೆ ನಿಂತು. ಅದಿರಲಿ. ಮಡಿಕೆ ತೀಡುವ ಮೂಳೆಪಟ್ಟಿಯಿಂದ ಮೇಲಿನಿಂದ ಕೆಳಕ್ಕೆ ಒತ್ತಿ ಎಳೆದೆ. ಬೆನ್ನು ಲಟಕ್ಕೆಂದಿತು. ಯಾರಾದರೂ ಕೇಳಿಸಿಕೊಂಡರೇ ಎಂದು ಸುತ್ತ ನೋಡಿದೆ. ಆಮೇಲೆ ಒಳಗೆ ಹೋಗಿ ಸಮೋವರಿನ ಪಕ್ಕದಲ್ಲಿದ್ದ ಪುಸ್ತಕವನ್ನು ನೋಡದೆಯೇ ಏಪ್ರನ್ನಿನ ಜೇಬಿಗೆ ಹಾಕಿಕೊಂಡು, ಅದೇ ಜಾಗದಲ್ಲಿ ನನ್ನದನ್ನು ಇಟ್ಟೆ.

ಬುಧವಾರ ಮಧ್ಯಾಹ್ನ ಕೇವಾನ್ ಬಂದಿದ್ದ. ಮಾರನೆಯ ದಿನ ಡಾಕ್ಟರಿಗೆ ಉತ್ತರ ಹೇಳಬೇಕು. ಊಟ ಯಾರಿಗೂ ರುಚಿಸಲಿಲ್ಲ. ಮೂರನೇ ಸಲ ಕೇಳಿದರೆ ಕೆಟ್ಟದ್ದೇನೂ ಆಗುವುದಿಲ್ಲ, ಕೊನೆಯದಾಗಿ ಒಮ್ಮೆ ನೋಡಿ ಎಂದು ನಾನೇ ಪುಸ್ತಕ ತಂದುಕೊಟ್ಟೆ. ಮಾವ ಕೈಯಲ್ಲಿ ಹಿಡಿದವರು ಕಣ್ಣು ಮುಚ್ಚಲಿಲ್ಲ. ಹೆಬ್ಬೆರಳನ್ನು ಪುಸ್ತಕದ ಬೆನ್ನಿನ ಮೇಲೆ ಮೇಲಿನಿಂದ ಕೆಳಕ್ಕೆ ಒಮ್ಮೆ ಎಳೆದರು. ಆಮೇಲೆ ಸುಮ್ಮನೆ ಅಂಗೈ ಮೇಲೆ ಬಿಟ್ಟರು. ಅದು ನಲವತ್ತೊಂದನೇ ಪುಟಕ್ಕೆ ತೆರೆದುಕೊಂಡು ಮಲಗಿತು.

“ತೂಬಾ, ಇದರ ಬೆನ್ನು ಮುರಿದಿದ್ದು ನೀನಾ?”

ಕೇವಾನ್ ಎದುರಿನ ಗೋಡೆಯನ್ನು ನೋಡುತ್ತ ಕೂತ.

“ಎಡಗೈ ಹಿಡಿತ ಸಾಲಲಿಲ್ಲ ನಿಂಗೆ. ಮೇಲ್ಗಡೆ ಬಿರಿದೇ ಇಲ್ಲ, ಕೆಳಗಡೆ ಮಾತ್ರ ಬಿಟ್ಟಿದೆ. ಹತ್ತೊಂಬತ್ತು ವರ್ಷ ಆಯ್ತು ಈ ಅಂಗಡೀಲಿ, ಒಂದು ಪುಸ್ತಕ ನೆಟ್ಟಗೆ ಮುರಿಯೋಕೂ ಬರಲ್ವಾ?”

ಅಷ್ಟು ಸಾಕಾಯಿತು. ನನ್ನ ಸಿಟ್ಟಿಗೆ ಕಾರಣ ಬೇಕಿರುವುದಿಲ್ಲ, ಇಲ್ಲಂತೂ ಒಂದು ವಾರದ ಕಾರಣವಿತ್ತು. ಹೌದು, ಮುರಿದಿದ್ದು ನಾನೇ ಎಂದೆ. ಬರೆದಿದ್ದೂ ನಾನೇ ಎಂದೆ. ಒಂಬತ್ತು ಪುಸ್ತಕದ ಹೆಸರನ್ನೂ ಹೇಳಿದೆ. ನೀವು ತಲೆಯ ಮೇಲೆ ಹೊತ್ತುಕೊಂಡು ಕೂತಿರುವ ಆ ಕಾಯುವ ಮಾತನ್ನು ಬಿಸಿನೀರಿನ ಒಲೆಯವನಿಗೆ ಕಾದು ಕಾದು ಹುಚ್ಚು ಹಿಡಿದು ಬರೆದದ್ದು ಎಂದೆ.

“ನಾಲ್ಕು ದಿನ ಕಾದೆ ಆಗಾಜಾನ್. ಕಾಲ ಬಂದು ಬಾಗಿಲು ತಟ್ಟಲಿಲ್ಲ. ಅವನು ಬಂದ, ಇದ್ದ ಒಂದು ಕೊಳವೆನೂ ಒಡೆದು ಹೋದ. ಆ ಮಾತು ನಂಬ್ಕೊಂಡು ಪ್ರಾಣ ಕಳ್ಕೋತೀರಾ ನೀವು?”

ಮಾವನ ಭುಜ ಅಲುಗಾಡತೊಡಗಿತು. ಎದೆನೋವು ಬಂತೆಂದು ಕೇವಾನ್ ಎದ್ದೇಬಿಟ್ಟ. ಅವರು ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಕೂತ್ಕೊಳೋ ಎಂದು ಮಗನಿಗೆ ಕೈ ಮಾಡಿದರು. ನೀನು ಬರೆಯುವುದು ನನಗೆ ಎರಡನೇ ಪುಸ್ತಕದಿಂದಲೇ ಗೊತ್ತು ಎಂದರು.

ಆ ಪುಸ್ತಕದಲ್ಲಿ ಒಂದು ಮಾತಿತ್ತು: ‘ಆರಿದ ಚಹಾ ಮತ್ತೆ ಕಾಯಿಸಬಹುದು, ಆರಿದ ಮಾತಿಗೆ ಹೊಸ ನೀರೇ ಇಡಬೇಕು.’ ಅದು ನನ್ನದಲ್ಲ. ತೀರಿಹೋದ ನನ್ನ ಅತ್ತೆ ನುಸ್ರತ್ ಖಾನುಮ್ ಒಮ್ಮೆ ಅಡುಗೆಮನೆಯಲ್ಲಿ ಹೇಳಿದ್ದನ್ನು ನಾನು ಕದ್ದು ಬರೆದಿದ್ದೆ. ಮದುವೆಯಾದ ಮೂರನೇ ವರ್ಷ ಅತ್ತೆ ಮಾವ ಜಗಳವಾಡಿ ಹನ್ನೊಂದು ದಿನ ಮಾತುಬಿಟ್ಟಿದ್ದರಂತೆ. ಹನ್ನೆರಡನೇ ದಿನ ಅತ್ತೆ ಚಹಾ ತಂದಿಟ್ಟು ಹೇಳಿದ ಮಾತಂತೆ ಅದು. ಅದು ಈ ಮನೆಯ ಗೋಡೆ ದಾಟಿ ಹೋಗಿರಲಿಲ್ಲ, ಪುಸ್ತಕದಲ್ಲಿ ನೋಡಿದ ದಿನ ಯಾರ ಕೈಕೆಲಸವೆಂದು ತಿಳಿಯಿತು, ನೀನಾಗಿಯೇ ಹೇಳುವೆ ಎಂದು ಸುಮ್ಮನಿದ್ದೆ ಎಂದರು. ಆ ಪುಟವನ್ನು ಕತ್ತರಿಸಿ ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡಿದ್ದರು. ತೋರಿಸಿದರು. ಪುಸ್ತಕ ಕತ್ತರಿಸುವುದೂ ಈ ಮನೆಯಲ್ಲಿ ಪಾಪವೇ.

“ಸರಿ, ಈಗ ನಿನ್ನ ಜೇಬಲ್ಲಿರೋದನ್ನ ತೆಗಿ” ಎಂದರು.

ಹಳೆಯ ಪುಸ್ತಕ ಏಪ್ರನ್ನಿನಲ್ಲೇ ಇತ್ತು. ತೆಗೆದು ಕೈಯಲ್ಲಿ ಹಿಡಿದ ಕೂಡಲೇ ಅದು ತಾನಾಗಿ ತೆರೆದುಕೊಂಡಿತು. ಹತ್ತೊಂಬತ್ತನೇ ಪುಟ. ಬೆನ್ನನ್ನು ಬೆಳಕಿಗೆ ತಿರುಗಿಸಿದೆ. ಅಂಟು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ, ಗೆರೆ ಎಳೆದಂತೆ ಬಿರಿದಿತ್ತು. ಅಂಥ ಕೈ ಈ ಓಣಿಯಲ್ಲಿ ಒಂದೇ ಇರುವುದು. ನಾನು ತಲೆ ಎತ್ತಿ ನೋಡಿದೆ. ಮಾವ ಕೆಳಗೆ ನೋಡುತ್ತಿದ್ದರು.

“ಅರವತ್ತು ವರ್ಷದಲ್ಲಿ ಒಂದು ಪುಸ್ತಕದ ಬೆನ್ನು ಮುರಿದವನಲ್ಲ ನಾನು. ಹೋದ ಗುರುವಾರ, ಮೊದಲ ಸಲ ಪುಸ್ತಕ ಕೇಳೋ ಹಿಂದಿನ ದಿನ, ಕೂತ್ಕೊಂಡು ಮುರಿದೆ. ಏನ್ ಮಾಡ್ಲಿ, ಬೇಡ ಅಂದ್ರೆ ನೀವಿಬ್ರೂ ಬಿಡ್ತಿರಲಿಲ್ಲ. ಪುಸ್ತಕ ಬೇಡ ಅಂದ್ರೆ ಬಿಡ್ತೀರಿ.” ಕೆಳಗೆ ನೋಡುತ್ತಲೇ ಹೇಳಿದರು: “ಹೆದರಿಕೆ ಆಯ್ತು ಕಣಮ್ಮ. ಬಿಚ್ಚಿ ಮತ್ತೆ ಹೊಲಿದಿದ್ದು ಮೊದಲಿನ ಹಾಗಿರಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

ಆ ಮಾತು ಕೇಳಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಒಂದು ವಾರದಿಂದ ನಾನು ಹಟದ ಜೊತೆ ಜಗಳವಾಡುತ್ತಿದ್ದೇನೆ ಎಂದುಕೊಂಡಿದ್ದೆ. ಎದುರಿಗಿದ್ದದ್ದು ಹಟವಾಗಿರಲೇ ಇಲ್ಲ. ಎಪ್ಪತ್ತನಾಲ್ಕು ವರ್ಷದ ಮನುಷ್ಯ ಹೆದರಿಕೆ ಎಂದು ಹೇಳಲು ನಾಚಿಕೊಂಡು, ತಾನು ಜೀವಮಾನವಿಡೀ ಮಾಡದ ಪಾಪ ಮಾಡಿ ಕೂತಿದ್ದರು. ನನಗೆ ಅಳು ಬಂತು, ತಡೆದುಕೊಳ್ಳಲೂ ಇಲ್ಲ.

ಅಳುತ್ತಲೇ ಕೇಳಿದೆ, ಈ ಅಂಗಡಿಯಲ್ಲಿ ಬಿಚ್ಚಿ ಹೊಲಿದ ಪುಸ್ತಕಗಳು ಎಷ್ಟು ಹೋಗಿರಬಹುದು ಎಂದು. ಅವರು ಲೆಕ್ಕ ಹಾಕಲು ಹೋಗಿ ಬಿಟ್ಟರು. ಅವುಗಳಲ್ಲಿ ಹಾಳೆ ಉದುರಿತೆಂದು ವಾಪಸು ಬಂದದ್ದು ಎಷ್ಟು ಎಂದೆ. ಒಂದೂ ಇಲ್ಲ ಎಂದು ಬೆನ್ನು ನೆಟ್ಟಗೆ ಮಾಡಿದರು. ಮೊದಲಿನ ಹಾಗೆ ಇರುವುದಿಲ್ಲ, ನಿಜ, ಆದರೆ ಇನ್ನೂ ನೂರು ವರ್ಷ ಬರುತ್ತದೆ ಎಂದು ತಾವೇ ಸೇರಿಸಿದರು. ಸೇರಿಸಿದ ಮೇಲೆ ತಾವು ಹೇಳಿದ್ದೇನೆಂದು ಅವರಿಗೇ ಹೊಳೆಯಿತು.

“ಹಾಗಾದ್ರೆ ಆ ಡಾಕ್ಟರಮ್ಮನಿಗೂ ಅವಳ ಕೆಲಸ ಬರಬಹುದಲ್ವಾ?” ಎಂದೆ.

ಮಾವ ಗಡ್ಡ ಕೆರೆದುಕೊಂಡರು. “ಬರಬಹುದು. ಅವಳ ಹೊಲಿಗೆ ನೋಡಬೇಕು.”

ತಮಾಷೆಗೆ ಹೇಳಿದರು ಎಂದುಕೊಂಡೆ. ಗುರುವಾರ ಬೆಳಗ್ಗೆ ಕನ್ನಡಕ ಒರೆಸಿ, ಒಳ್ಳೆಯ ಕೋಟು ಹಾಕಿಕೊಂಡು ಹೊರಟಾಗ ತಮಾಷೆಯಲ್ಲ ಎಂದು ಗೊತ್ತಾಯಿತು. ಡಾಕ್ಟರ್ ಅಬ್ರಿಶಮಿಯ ಎದುರು ಕೂತು, ನಿಮ್ಮ ಕೈಕೆಲಸ ನೋಡದೆ ಒಪ್ಪಿಗೆ ಕೊಡುವುದಿಲ್ಲ ಎಂದರು. ನಾನು ನಾಚಿಕೆಯಿಂದ ನೆಲ ನೋಡುತ್ತಿದ್ದೆ. ಆಕೆಗೆ ಸ್ವಲ್ಪವೂ ಬೇಸರವಾಗಲಿಲ್ಲ. ಎರಡು ವಾರದ ಹಿಂದೆ ಆಪರೇಷನ್ ಆದ ಒಬ್ಬ ಸಂಗಕ್ ರೊಟ್ಟಿಯವನು ಅವತ್ತೇ ತೋರಿಸಿಕೊಳ್ಳಲು ಬಂದಿದ್ದ. ಅವನನ್ನು ಕೇಳಿದಳು. ಅವನಿಗೆ ಅಷ್ಟೇ ಬೇಕಾಗಿತ್ತು, ಕೇಳಿ ಮುಗಿಯುವ ಮೊದಲೇ ಅಂಗಿಯ ಗುಂಡಿ ಬಿಚ್ಚಿ ಎದೆ ಮುಂದೆ ಮಾಡಿ ನಿಂತ.

ಮಾವ ಕನ್ನಡಕ ಏರಿಸಿ ಬಗ್ಗಿ ನೋಡಿದರು. ಗಂಟಲ ಕೆಳಗಿನಿಂದ ಹೊಟ್ಟೆಯ ಮೇಲಿನವರೆಗೆ ಗುಲಾಬಿ ಬಣ್ಣದ ಒಂದು ಗೆರೆ. ಮುಟ್ಟಬಹುದೇ ಎಂದು ಕೇಳಿ, ಹೆಬ್ಬೆರಳನ್ನು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಎಳೆದರು. ದಾರ ಯಾವುದು, ಗಂಟು ಒಳಗೆ ಹಾಕುತ್ತೀರೋ ಹೊರಗೋ, ಎಷ್ಟು ಅಂತರಕ್ಕೆ ಒಂದು ಹೊಲಿಗೆ ಎಂದೆಲ್ಲ ವಿಚಾರಿಸಿದರು. ಆಕೆ ಒಂದೊಂದಕ್ಕೂ ಉತ್ತರ ಕೊಟ್ಟಳು. ರೊಟ್ಟಿಯವನು ನಡುವೆ, ಒಲೆಯ ಮುಂದೆ ನಿಲ್ಲುವ ದಿನ ಎಣಿಸುತ್ತಿದ್ದೇನೆ ಉಸ್ತಾದ್, ನಿಮಗೂ ಎಳ್ಳು ಹಾಕಿದ್ದು ಕಳಿಸುತ್ತೇನೆ ಎಂದ. ಮಾವ ನೆಟ್ಟಗೆ ನಿಂತು ಕನ್ನಡಕ ಮಡಚಿದರು.

“ಎಳೆತ ಸಮವಾಗಿದೆ. ಕಾಗದ ಎಲ್ಲಿ, ಸಹಿ ಹಾಕ್ತೀನಿ.”

ಶನಿವಾರ ಬೆಳಗ್ಗೆ ಅವರನ್ನು ಒಳಗೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚಿತು. ಕೇವಾನ್ ಯಜ್ದಿಗೆ ಬಸ್ಸು ಓಡಿಸಿದ ಹಾಗೆ ಆ ಹಜಾರದಲ್ಲಿ ಹೋಗಿ ಬಂದು ಮಾಡಿದ. ನಾನು ಕುರ್ಚಿಯಲ್ಲಿ ಕೂತೆ. ತಾಳ್ಮೆಯ ಬಗ್ಗೆ ಒಂಬತ್ತು ಪುಸ್ತಕದಲ್ಲಿ ಬರೆದ ಮಾತುಗಳೆಲ್ಲ ಒಂದೊಂದಾಗಿ ನೆನಪಾದವು, ಒಂದರಿಂದಲೂ ಉಪಯೋಗವಾಗಲಿಲ್ಲ. ಇದನ್ನೆಲ್ಲ ಕೊಂಡು, ಇಂಥ ಕುರ್ಚಿಗಳಲ್ಲಿ ಕೂತು ಓದಿದವರ ಕ್ಷಮೆ ಕೇಳಬೇಕೆನ್ನಿಸಿತು. ಐದು ತಾಸು ಕಳೆದ ಮೇಲೆ ಬಾಗಿಲು ತೆರೆಯಿತು. ತೆರೆದದ್ದು ಕಾಲವಲ್ಲ, ಡಾಕ್ಟರ್ ಅಬ್ರಿಶಮಿ. ಎಲ್ಲ ಚೆನ್ನಾಗಿ ಆಯಿತು, ಕವಾಟ ಕೂತಿದೆ, ಉಸ್ತಾದರಿಗೆ ಹೇಳಿ, ಹೊಲಿಗೆ ಇನ್ನೂ ಹುಷಾರಾಗಿ ಹಾಕಿದ್ದೇನೆ ಎಂದಳು. ಹೋದ ಜೀವ ಬಂದಂತಾಯಿತು. ಬೆಳಗಿನಿಂದ ಓಡಾಡುತ್ತಿದ್ದ ಕೇವಾನ್ ಮೊದಲ ಸಲ ಕುರ್ಚಿಯಲ್ಲಿ ಕೂತ. ನಾನು ಆ ಹೆಣ್ಣುಮಗಳನ್ನು ತಬ್ಬಿಕೊಂಡು ಏನೇನೋ ಹೇಳಿದೆ, ಏನೆಂದು ಈಗಲೂ ನೆನಪಿಲ್ಲ.

ನೌರೂಜಿನ ಹೊತ್ತಿಗೆ ಮಾವ ಮನೆಯಲ್ಲಿದ್ದರು. ಭಾರ ಎತ್ತುವ ಹಾಗಿರಲಿಲ್ಲ, ಚರ್ಮ ಎಳೆಯುವ ಹಾಗಿರಲಿಲ್ಲ, ಬಂದವರಿಗೆಲ್ಲ ಎದೆ ತೋರಿಸುವುದೊಂದೇ ಕೆಲಸ. ಕೂತು ಬೇಸರವಾಗಿ ನನ್ನ ಪುಸ್ತಕಗಳನ್ನು ತರಿಸಿಕೊಂಡು, ಪೆನ್ಸಿಲು ಹಿಡಿದು ಓದತೊಡಗಿದರು. ಅನ್ನ ಸೀಯುವ ಮಾತನ್ನು ಹೊಡೆದು ಹಾಕಿದರು. ‘ದಾಳಿಂಬೆ ಬೀಜ’ದ ಎರಡನೇ ಅಚ್ಚಿಗೆ ಪಾಯಂದೆ ಸಾಹೇಬರು ಅವಸರ ಮಾಡುತ್ತಿದ್ದರು. ಮಾವ ಅದರ ಹತ್ತೊಂಬತ್ತನೇ ಪುಟಕ್ಕೆ ಬಂದು, ಆ ಸಾಲಿನ ಮೇಲೆ ಎರಡು ಸಲ ಗೆರೆ ಎಳೆದರು. ನನ್ನಂಥ ಇನ್ನೊಬ್ಬ ಪುಕ್ಕಲ ಇದನ್ನು ಹಿಡಿದುಕೊಂಡು ಕೂತಾನು, ತೆಗೆದುಬಿಡು ಎಂದರು. ಹಾಗಾದರೆ ಅಲ್ಲಿ ಏನು ಹಾಕಲಿ ಎಂದು ಕೇಳಿದೆ.

ತುಂಬ ಹೊತ್ತು ಯೋಚಿಸಿದರು. ಆಮೇಲೆ ಪುಟದ ಅಂಚಿನಲ್ಲಿ ತಮ್ಮ ಅಚ್ಚುಕಟ್ಟಾದ ಅಕ್ಷರದಲ್ಲಿ ಬರೆದರು: ‘ಹೆದರಿಕೆಯಾದರೆ, ಹೆದರಿಕೆಯಾಗುತ್ತಿದೆ ಎಂದು ಮನೆಯವರಿಗೆ ಹೇಳಿ.’

ಇದರಲ್ಲಿ ಚಂದ ಏನಿದೆ, ಒಂದು ಬಾಗಿಲಿಲ್ಲ, ಒಂದು ಹೂವಿಲ್ಲ, ಪಾಯಂದೆ ಸಾಹೇಬರು ಒಪ್ಪುವುದಿಲ್ಲ ಎಂದೆ. ಒಪ್ಪದಿದ್ದರೆ ಪುಸ್ತಕವನ್ನು ಬೇರೆ ಕಡೆ ಹೊಲಿಸಿಕೊಳ್ಳಲಿ ಎಂದರು. ಕೆಳಗೆ ಯಾರ ಹೆಸರು ಹಾಕಬೇಕೆಂದೆ. “ಪುರಾತನ ಜ್ಞಾನಿ ಅಂತಾನೇ ಹಾಕು. ಎಪ್ಪತ್ತನಾಲ್ಕು ಆಯ್ತಲ್ಲ, ಸಾಕು.” ಹಾಗೇ ಅಚ್ಚಾಯಿತು.

ಹಬ್ಬ ಕಳೆದು ಎರಡು ತಿಂಗಳ ಮೇಲೆ, ಖುರ್ದಾದ್ ತಿಂಗಳಲ್ಲಿ ಅವರನ್ನು ಪರೀಕ್ಷೆಗೆಂದು ಮತ್ತೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಗೆಲುವಾಗಿಯೇ ಇದ್ದರು, ಟ್ಯಾಕ್ಸಿಯವನಿಗೆ ಹೊಲಿಗೆಯ ಬಗ್ಗೆ ಪಾಠ ಮಾಡಿದರು, ರೊಟ್ಟಿಯವನು ಕಳಿಸಿದ ಸಂಗಕ್ಕಿನಲ್ಲಿ ಉಪ್ಪು ಕಡಿಮೆಯಾಗಿತ್ತು ಎಂದು ದೂರಿದರು. ಆಸ್ಪತ್ರೆಯ ಗೇಟಿನ ಹತ್ತಿರ ಇಳಿದು ನಾಲ್ಕು ಹೆಜ್ಜೆ ಇಟ್ಟವರು ನಿಂತುಬಿಟ್ಟರು. ಕಾಲು ನೋಯುತ್ತಿದೆಯೇ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದರು.

“ತೂಬಾ” ಎಂದರು, “ಹತ್ತೊಂಬತ್ತನೇ ಪುಟ.”

ನಾನು ಅವರ ಕೈ ಹಿಡಿದುಕೊಂಡೆ. ನನಗೂ ಅಷ್ಟೇ ಆಗಾಜಾನ್ ಎಂದೆ. ಇಬ್ಬರೂ ಒಳಗೆ ಹೋದೆವು.